ತಾಮ್ರ ಹುಡುಕಿದ ಡಾಕ್ಟರಮ್ಮ

ಡಾಕ್ಟರಮ್ಮನ ಬೆರಳುಗಳು ಯಾವಾಗಲೂ ತಣ್ಣಗಿರುತ್ತಿದ್ದವು. ಮಕ್ಕಳ ಹೊಟ್ಟೆ ಮುಟ್ಟುವ ಮೊದಲು ಅಂಗೈಗಳನ್ನು ಸೀರೆಗೆ ಉಜ್ಜಿ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಆದರೂ ನನ್ನ ದೊಡ್ಡ ಮೊಮ್ಮಗಳು ಬೆಚ್ಚುತ್ತಿದ್ದಳು. "ಫ್ರಿಜ್ಜಲ್ಲಿಟ್ಟ ಸೌತೆಕಾಯಿ ಥರ ಇದೆ ಅಲ್ವಾ ಪುಟ್ಟಿ ನನ್ನ ಕೈ?" ಎಂದು ಅವರೇ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಬೆರಳು ಹೊಟ್ಟೆಯ ಬಲಗಡೆ ಒತ್ತಿ ನಿಂತುಬಿಟ್ಟರೆ ನನ್ನ ಉಸಿರೂ ನಿಲ್ಲುತ್ತಿತ್ತು.

ನನ್ನ ಓದು ಅಷ್ಟಕ್ಕಷ್ಟೆ. ತಿಳಿದಷ್ಟು ಬರೆಯುತ್ತೇನೆ.

ದೊಡ್ಡವಳು ಹೈಸ್ಕೂಲು ಸೇರುವ ಹೊತ್ತಿಗೆ ಕಾಮಾಲೆ ಬಂತು. ನಮ್ಮದು ಅರೆಕೆರೆ. ಬೇಗೂರು ಕಡೆ ಸೊಪ್ಪಿನ ರಸ ಕೊಡುವವರಿದ್ದರು, ಕುಡಿಸಿದೆವು. ಇಳಿಯಿತು. ಮತ್ತೆ ಬಂತು. ಈ ಸಲ ಕಾಲು ಊದಿತು, ಬರೆಯುವ ಅಕ್ಷರ ಸೊಟ್ಟಗಾಯಿತು, ಅನ್ನ ಕಲಸುವ ಕೈ ನಡುಗಿತು. ಆಗ ಜಯನಗರದ ಈ ಡಾಕ್ಟರಮ್ಮನ ಹತ್ತಿರ ಓಡಿದೆವು.

ಅವರು ಮೊದಲು ಕಣ್ಣಿನ ಡಾಕ್ಟರಲ್ಲಿಗೆ ಕಳಿಸಿದರು. ಕಣ್ಣಗುಡ್ಡೆಯ ಅಂಚಿಗೆ ಕಂದು ಬಣ್ಣದ ಬಳೆ ಕೂತಿದೆಯಂತೆ. "ತಿನ್ನೋ ಊಟದಲ್ಲೇ ಒಂಚೂರು ತಾಮ್ರ ಇರತ್ತೆ ಅಜ್ಜಿ. ಹೆಚ್ಚಾದದ್ದನ್ನ ಲಿವರ್ ಹೊರಗೆ ಹಾಕಬೇಕು. ಇವಳದ್ದು ಹಾಕದೆ ಕೂಡಿಡ್ತಿದೆ ಅನ್ಸತ್ತೆ, ಅದೇ ಕಣ್ಣಿಗೂ ಬಂದು ಕೂತಿದೆ," ಎಂದರು ಡಾಕ್ಟರಮ್ಮ. ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನ್ ಒಂದಿದೆಯಂತೆ, ಅದರ ಹೆಸರಿಗೆ ನನ್ನ ನಾಲಿಗೆ ಹೊರಳದು. ಈ ಕಾಯಿಲೆ ಇದ್ದರೆ ಅದು ಕಡಿಮೆ ಇರುತ್ತದಂತೆ, ನೋಡಲು ರಕ್ತ ತೆಗೆಸಿದರು. ಒಂದು ಹಗಲು, ಒಂದು ರಾತ್ರಿಯ ಮೂತ್ರವನ್ನೆಲ್ಲ ಹಿಡಿದು ತರಲು ಪ್ಲಾಸ್ಟಿಕ್ ಕ್ಯಾನ್ ಕೊಟ್ಟರು.

ಮೂತ್ರದ ರಿಪೋರ್ಟು ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದರು.

"ಇಷ್ಟೊಂದಾ? ಯಾವುದ್ರಲ್ಲಿ ಹಿಡಿದ್ರಿ?"

"ನೀವ್ ಕೊಟ್ಟ ಕ್ಯಾನಲ್ಲೇ ಮೇಡಂ," ಎಂದಳು ಸೊಸೆ.

"ನೇರ ಕ್ಯಾನಿಗಾ?"

ಸೊಸೆ ತಲೆ ತಗ್ಗಿಸಿದಳು. "ಬಚ್ಚಲ ಚೊಂಬಲ್ಲಿ ಹಿಡಿದು ಸುರಿದೆ. ಹುಣಸೆಹಣ್ಣು ಹಾಕಿ ತಿಕ್ಕಿದ್ದೆ ಮೇಡಂ, ಫಳಫಳ ಅಂತಿತ್ತು."

"ತಾಮ್ರದ್ದಾ?"

"ಹೂಂ."

"ಅಯ್ಯೋ ತಾಯಿ! ತಾಮ್ರ ಎಷ್ಟಿದೆ ನೋಡೋಣ ಅಂದ್ರೆ ತಾಮ್ರದಲ್ಲೇ ತುಂಬ್ಕೊಂಡ್ ಬಂದಿದೀರಲ್ಲ!"

ಟೈಲ್ಸ್ ಹಾಕುವ ಕೆಲಸದಿಂದ ಸೀದಾ ಬಂದಿದ್ದ ನನ್ನ ಮಗ ಕುರ್ಚಿಯಿಂದ ಎದ್ದೇಬಿಟ್ಟ. ಎಷ್ಟೋ ದಿನದ ಮೇಲೆ ಅವನ ಮುಖಕ್ಕೆ ಕಳೆ ಬಂತು. "ಹಂಗಾದ್ರೆ ಅದು ಚೊಂಬಿನ ತಾಮ್ರ ಮೇಡಂ, ನಮ್ ಮಗೂದಲ್ಲ!" ನಾನೂ ಮನೆದೇವರಿಗೆ ಕೈ ಎತ್ತಿದ್ದೆ.

"ಕೂತ್ಕೊಳ್ಳಪ್ಪ," ಎಂದರು ಡಾಕ್ಟರಮ್ಮ. "ಚೊಂಬು ಮೂತ್ರಕ್ಕೆ ತಾಮ್ರ ಹಾಕತ್ತೆ. ಕಣ್ಣಿಗೆ ಹಾಕತ್ತಾ? ರಕ್ತದ ಪ್ರೋಟೀನ್ ಇಷ್ಟು ಕಡಿಮೆ ಮಾಡತ್ತಾ? ಇನ್ನೊಂದ್ಸಲ ಹಿಡೀರಿ, ನೇರ ಕ್ಯಾನಿಗೆ. ಆದ್ರೆ ಆಸೆ ಇಟ್ಕೊಂಡು ಬರಬೇಡಿ."

ಹಿಡಿದೆವು. ಆ ಸಲವೂ ಹೆಚ್ಚೇ.

ಸುಳ್ಳು ಸಮಾಧಾನ ಹೇಳುವ ಹೆಂಗಸಲ್ಲ ಆಕೆ. ಅದಕ್ಕೇ ನನಗೆ ಅವರ ಬಾಯಿ ಕಂಡರೆ ಭಯ. ದೊಡ್ಡವಳಿಗೆ ಔಷಧಿ ಬರೆದುಕೊಟ್ಟ ದಿನ, ಬಾಗಿಲ ಬಳಿ ಕುಂಟೆಬಿಲ್ಲೆ ಆಡುತ್ತಿದ್ದ ಅವಳ ತಂಗಿ, ನಮ್ಮ ಚಿಕ್ಕವಳನ್ನು ನೋಡಿ, "ಅವಳದ್ದೂ ರಕ್ತ ಕೊಡಿ," ಎಂದರು. ಗುಂಡುಕಲ್ಲಿನಂಥ ಮಗು ಅದು.

"ಚೆನ್ನಾಗಿರೋ ಮಗೂಗೆ ಯಾಕೆ ಮೇಡಂ ಸೂಜಿ?" ಎಂದ ಮಗ.

"ಇದು ಅಪ್ಪ ಅಮ್ಮ ಇಬ್ಬರ ಕಡೆಯಿಂದ್ಲೂ ಸೇರಿ ಬರೋದು. ಅಕ್ಕಂಗಿದೆ ಅಂದ್ರೆ ತಂಗೀಗೂ ಇರಬಹುದು. ಚೆನ್ನಾಗಿರುವಾಗ್ಲೇ ಸಿಕ್ಕಿದ್ರೆ ಲಿವರ್ ಉಳಿಯತ್ತೆ."

"ಒಂದು ಸಾಲ್ದಾ ನಿಮಗೆ?" ಎಂದು ಅವನು ಹೊರಗೆ ಹೋಗಿಬಿಟ್ಟ. ಸೊಸೆ ಅಳುತ್ತಿದ್ದಳು, ಬೇಡ ಎನ್ನಲಿಲ್ಲ. ನಾನೇ ಚಿಕ್ಕವಳ ಕೈ ಹಿಡಿದು ರಕ್ತ ತೆಗೆಯುವ ಕೋಣೆಗೆ ನಡೆದೆ. ಮಗ ನನ್ನೊಂದಿಗೆ ಮಾತು ಬಿಟ್ಟ.

ರಿಪೋರ್ಟು ಬರುವವರೆಗೆ ನಾನು ಆ ಮಗುವಿನ ಮುಖ ನೋಡಲಿಲ್ಲ. ನೋಡಿದರೆ ಹಳದಿ ಕಾಣುತ್ತಿತ್ತು. ಗೋಡೆ ನೋಡಿದರೂ ಹಳದಿಯೇ. ಕೊನೆಗೆ ಬಂತು. ಅವಳ ಪ್ರೋಟೀನೂ ಕಡಿಮೆ. ಮುಂದಿನ ಪರೀಕ್ಷೆಗಳೂ ಅದನ್ನೇ ಹೇಳಿದವು. ಮಗ ಬಂದು ನನ್ನ ಪಕ್ಕ ಕೂತ. "ಬೇಗ ತಂದ್ರಿ ಅಜ್ಜಿ," ಎಂದರು ಡಾಕ್ಟರಮ್ಮ, ಅಷ್ಟೇ.

ಔಷಧಿ ಇಬ್ಬರಿಗೂ ಬದುಕಿರುವಷ್ಟು ಕಾಲ. ದೊಡ್ಡವಳ ಕೈ ನಡುಗುವುದು ನಿಧಾನವಾಗಿ ಕಡಿಮೆಯಾಯಿತು. ಹೋದಾಗಲೆಲ್ಲ ಡಾಕ್ಟರಮ್ಮ ಹೇಳುತ್ತಿದ್ದರು, "ಚೆನ್ನಾಗಾದೆ ಅಂತ ಮಾತ್ರೆ ಬಿಟ್ಟವರನ್ನ ನಾನು ಕಳ್ಕೊಂಡಿದೀನಿ." ಹೇಳುವಾಗ ಅವರ ದನಿ ಸಣ್ಣಗಾಗುತ್ತಿತ್ತು. ಡಾಕ್ಟರಿಗೂ ಭಯವಿರುತ್ತದೆ ಎಂದು ನನಗೆ ಗೊತ್ತಾದದ್ದು ಆಗ.

ಹೋದ ವರ್ಷ ಅವರು ಎದೆನೋವು ಬಂದು ತೀರಿಕೊಂಡರು. ದೊಡ್ಡವಳು ಅತ್ತಳು. ಈಗ ಬೇರೆ ಡಾಕ್ಟರು ನೋಡುತ್ತಾರೆ, ಒಳ್ಳೆಯವರೇ, ಮೆತ್ತಗೆ ಮಾತಾಡುತ್ತಾರೆ. ಒಂದು ದಿನ ಚಿಕ್ಕವಳು ಕೇಳಿದಳು, "ನಂಗೇನೂ ಆಗೇ ಇಲ್ವಲ್ಲ ಅಜ್ಜಿ, ಮಾತ್ರೆ ಬಿಟ್ರೆ ಏನಾಗತ್ತೆ?" ಹೆದರಿಸಿ ಹೇಳಲು ಡಾಕ್ಟರಮ್ಮ ಇಲ್ಲ.

ಅಂದಿನಿಂದ ಬೆಳಗ್ಗೆ ಇಬ್ಬರನ್ನೂ ಎದುರು ನಿಲ್ಲಿಸಿ ನುಂಗಿಸುತ್ತೇನೆ. ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತೇನೆ.

"ಜೈಲಾ ಅಜ್ಜಿ ಇದು?" ಅನ್ನುತ್ತಾಳೆ ಚಿಕ್ಕವಳು.

"ಹೂಂ ಕಣೇ, ಜೈಲೇ. ನಾಲಿಗೆ ಎತ್ತು," ಅನ್ನುತ್ತೇನೆ.