ಪಿನ್ನು ಕೀಳದೆ ನೋಡಿದ ಚಿತ್ರ

ಆಕಾಶದಿಂದ ತೆಗೆದ ಚಿತ್ರಗಳಲ್ಲಿ ನೆಲದ ಹಳೆಯ ಗಾಯಗಳನ್ನು ಓದಬಲ್ಲವರು ನಮ್ಮ ಭೂಮಾಪನ ಕಚೇರಿಯಲ್ಲಿ ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಮೊದಲು ನೆನೆಯಬೇಕಾದವರು, ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಚಿತ್ರವಿಭಾಗದ ಮುಖ್ಯಸ್ಥೆ. ಎದುರಿಗೆ ಎಲ್ಲರಿಗೂ ಅವರು ಮೇಡಂ, ಬೆನ್ನ ಹಿಂದೆ ‘ನೆರಳಮ್ಮ’. ಯಾರು ಯಾವ ಚಿತ್ರ ತಂದರೂ ಅವರ ಮೊದಲ ಮಾತು ಒಂದೇ: “ನೆರಳು ನಮ್ಮ ಕಡೆ ಬಿದ್ದಿದೆಯಾ?” ಬೀಳದಿದ್ದರೆ ಕಣ್ಣು ಮೋಸಹೋಗುತ್ತದೆ, ತಗ್ಗು ದಿಬ್ಬವಾಗಿ, ದಿಬ್ಬ ತಗ್ಗಾಗಿ ಕಾಣುತ್ತದೆ. ಆದ್ದರಿಂದ ಚಿತ್ರವನ್ನು ತಿರುಗಿಸಿಕೊಂಡೇ ನೋಡಬೇಕು. ಜನ ಮರೆತ ಕಲ್ಲುಕ್ವಾರಿಗಳನ್ನು, ಅವುಗಳ ಅಂಚಿನ ಮಣ್ಣುಗುಡ್ಡೆಯನ್ನು, ಗಾಡಿ ಇಳಿದ ಜಾಡನ್ನು ಅವರು ಹೀಗೆಯೇ ನೂರಾರು ಕಡೆ ಗುರುತಿಸಿದರು. ಕಾಲಿಟ್ಟು ನೋಡುವವರೆಗೆ ‘ಕ್ವಾರಿ ಇರಬಹುದು’ ಎಂದೇ ಬರೆದರು.

ಅವರ ಉಪಕಾರಗಳನ್ನು ಹೇಳಹೊರಟರೆ ಈ ಅಭಿನಂದನಾ ಸಂಪುಟ ಸಾಲದು. ಹನ್ನೆರಡು ವರ್ಷಗಳ ಹಿಂದೆ ನಕ್ಷೆಗಾರನೊಬ್ಬನ ಹಸುಗೂಸು ಜ್ವರದಿಂದ ಆಸ್ಪತ್ರೆ ಸೇರಿತು. “ಹೋಗಪ್ಪ, ಮಗೂನ ನೋಡ್ಕೋ. ಹಾಳೆ ಎಲ್ಲೂ ಓಡಿಹೋಗಲ್ಲ” ಎಂದು ಆತನನ್ನು ಕಳಿಸಿ, ಆತನ ಮೇಜಿನಲ್ಲಿ ತಾವೇ ಕುಳಿತು, ಬೋರ್ಡಿಗೆ ಪಿನ್ನು ಚುಚ್ಚಿ ಕೂರಿಸಿದ್ದ ಚಿತ್ರದ ಹಾಳೆಯ ಕೆಲಸ ಮುಗಿಸಿ, ಮೂಲೆಯಲ್ಲಿ ಆತನ ಹೆಸರನ್ನೇ ಬರೆದಿಟ್ಟರು. ಮಗಳು ಗುಣವಾದಳು, ಆ ಹಾಳೆ ಆತನ ನೆನಪಿನಿಂದ ಜಾರಿತು.

ಈ ವರ್ಷ ಹೊಸ ಚಿತ್ರಗಳು ಬಂದವು. ಒಂದು ಬೆಳಿಗ್ಗೆ ಆ ನಕ್ಷೆಗಾರ ಊರಂಚಿನ ಬಯಲನ್ನು ಕಂಪ್ಯೂಟರಿನಲ್ಲಿ ತಿರುಗಿಸಿದಾಗ, ಪೊದೆಗಳ ನಡುವೆ ಮಣ್ಣು ತುಂಬಿ ಆಳ ಕಳೆದುಕೊಂಡ ಮೂರು ತಗ್ಗುಗಳು ಕಂಡವು. ಅವುಗಳಿಗೆ ಇಳಿಯುವ ಜಾಡೂ ಇತ್ತು. ಹೊಸ ಪ್ರೌಢಶಾಲೆ ಏಳುತ್ತಿದ್ದುದು ಅಲ್ಲೇ. ಮುಂದಿನ ವರ್ಷ ಆತನ ಮಗಳೂ ಸೇರಬೇಕಾದ ಶಾಲೆ. ಅಂದೇ ಹನ್ನೊಂದಕ್ಕೆ ಅಡಿಪಾಯಕ್ಕೆ ಕಾಂಕ್ರೀಟು. ಆ ಜಾಗದ ಹಳೆಯ ಹಾಳೆ ತೆಗೆದ. ‘ಗಟ್ಟಿ ದಿಬ್ಬ, ಮೂರು’ ಎಂದಿತ್ತು. ಕೆಳಗೆ ತನ್ನದೇ ಹೆಸರು. ಹಾಳೆಯನ್ನು ಮತ್ತೆ ಕಪಾಟಿಗೆ ತುರುಕಲು ಕೈ ಒಮ್ಮೆ ಮುಂದಾಯಿತು. ಮರುಕ್ಷಣ ಆತ ಮೇಡಂ ಕೋಣೆಯಲ್ಲಿದ್ದ.

ಅವರು ಅಕ್ಷರ ನೋಡಲಿಲ್ಲ. ಹಾಳೆಯ ನಾಲ್ಕು ಮೂಲೆಗಳಲ್ಲಿ ಒಂದೊಂದೇ ಪಿನ್ನಿನ ತೂತಿತ್ತು, ಕಿತ್ತು ತಿರುಗಿಸಿ ಮತ್ತೆ ಚುಚ್ಚಿದ ಗುರುತಿರಲಿಲ್ಲ; ಅದನ್ನೇ ನೋಡಿದರು.

“ಇದು ನಿನ್ನ ಕೈ ಅಲ್ಲಪ್ಪ, ನಂದು. ನೀನು ಬೋರ್ಡಿಗೆ ಕೂರಿಸಿದ್ದು ಅಲುಗಬಾರದು ಅಂತ ಪಿನ್ನು ಕೀಳಲಿಲ್ಲ. ತಿರುಗಿಸದೇ ನೋಡ್ಬಿಟ್ಟೆ.”

“ಹೆಸರು ನಂದಿದೆಯಲ್ಲ ಮೇಡಂ.”

“ಬರೆದವಳೂ ನಾನೇ. ನಡಿ, ಜೀಪು ಹತ್ತು.”

ಅವರು ತಲುಪಿದಾಗ ಮಿಕ್ಸರ್ ತಿರುಗುತ್ತಿತ್ತು. ಇಂಜಿನಿಯರ್ ಕೈಗಡಿಯಾರ ತೋರಿಸಿದರು. “ಮೇಡಂ, ನೆರಳು ನೋಡ್ಕೊಂಡು ಕೂತ್ರೆ ಕಟ್ಟಡ ಏಳುತ್ತಾ?”

“ತಪ್ಪು ನಂದು ಅಂತ ಬರೆದುಕೊಡ್ತೀನಿ. ಮೊದಲು ಒಂದು ಸಲಾಕೆ ಕೊಡಿಸಿ.”

ಮೊದಲ ಪೆಟ್ಟಿಗೇ ಠಣ್ಣೆಂದಿತು. “ಬಂಡೆ! ನಿವೃತ್ತಿ ಹತ್ರ ಬಂದ್ರೆ ಹೀಗೇ ಆಗೋದು” ಎಂದು ಇಂಜಿನಿಯರ್ ನಕ್ಕರು. ನಕ್ಷೆಗಾರ ತಲೆ ತಗ್ಗಿಸಿದ. ಅವರು ಮಾತ್ರ ಕೈಯಲ್ಲಿದ್ದ ಚಿತ್ರವನ್ನು ತಿರುಗಿಸಿ, ಆರು ಹೆಜ್ಜೆ ಎಡಕ್ಕೆ ಹೋಗಿ ನಿಂತರು.

“ಅದು ಕ್ವಾರಿಯ ಅಂಚು. ಇಲ್ಲಿ ಹೊಡೀರಿ.”

ಎರಡೇ ಪೆಟ್ಟಿಗೆ ಆಳುದ್ದದ ಸಲಾಕೆ ಸಡಿಲ ಮಣ್ಣಿನೊಳಗೆ ಸರ್ರನೆ ಇಳಿದುಹೋಯಿತು. ಹಿಡಿದಿದ್ದ ಕೆಲಸಗಾರ ಮುಗ್ಗರಿಸಿದ. ಇಂಜಿನಿಯರ್ ಹೋಗಿ ತಾವೇ ಮಿಕ್ಸರ್ ನಿಲ್ಲಿಸಿದರು.

ಶಾಲೆ ಈಗ ಪಕ್ಕದ ಗಟ್ಟಿ ಬಂಡೆಯ ಮೇಲೆ ಏಳುತ್ತಿದೆ. ವಿಚಾರಣೆ ನಡೆದು, ನಿವೃತ್ತಿಯ ಅಂಚಿನಲ್ಲಿ ಮೇಡಂ ಅವರಿಗೆ ಎಚ್ಚರಿಕೆಯ ಪತ್ರ ಬಂತು. ನಕ್ಷೆಗಾರನ ಮೇಲೆ ಒಂದು ಕಪ್ಪುಚುಕ್ಕೆಯೂ ಬೀಳಲಿಲ್ಲ. ಆದರೆ ಮೇಡಂ ಕನಿಕರದಿಂದ ಇನ್ನಾರಾರ ಮೇಜಿನಲ್ಲಿ ಕುಳಿತು, ಪಿನ್ನು ಕೀಳದೆ ಎಷ್ಟು ಹಾಳೆ ಮುಗಿಸಿಕೊಟ್ಟಿದ್ದಾರೋ ಅವರಿಗೇ ನೆನಪಿಲ್ಲ. ಅವುಗಳ ಮೇಲೆಲ್ಲ ಬೇರೆಯವರ ಹೆಸರು. ಕೆಲವುಗಳ ಮೇಲೆ ಈಗಾಗಲೇ ಮನೆಗಳು. ಮುಂದಿನ ವಾರದಿಂದ ಅವರು ದಿನವೂ ಬೆಳಿಗ್ಗೆ ಉಗ್ರಾಣಕ್ಕೆ ಬಂದು ಒಂದೊಂದನ್ನೇ ಹುಡುಕಲಿದ್ದಾರೆ. ಹಾಳೆಯ ಇನ್ನೊಂದು ತುದಿ ಹಿಡಿಯಲು ಆ ನಕ್ಷೆಗಾರನಿರುತ್ತಾನೆ. ಕೊನೆಯ ಹಾಳೆಯನ್ನೂ ತಿರುಗಿಸಿ ನೋಡುವಷ್ಟು ಆಯುಷ್ಯ, ಆರೋಗ್ಯ, ಕಣ್ಣಿನ ಬೆಳಕು ಅವರಿಗಿರಲಿ.