ಮರಿಗಳ ಮೇಲೆ ಗಾದಿ ಕವರು

ನಮ್ಮ ಮನೆಯವರಿಗೆ ಏನನ್ನೂ ಎಸೆಯಲು ಮನಸ್ಸು ಬಾರದು. ಹೊಸ ಗಾದಿಗೆ ಸುತ್ತಿ ಬಂದಿದ್ದ ಪಾರದರ್ಶಕ ಪ್ಲಾಸ್ಟಿಕ್ ಕವರನ್ನು ನೀಟಾಗಿ ಮಡಚಿ ಕಪಾಟಿನ ಮೇಲಿಟ್ಟು, "ಇರಲಿ ಬಿಡ, ಒಂದಿಲ್ಲೊಂದ ದಿವಸ ಉಪಯೋಗಕ್ಕ ಬರತೈತಿ" ಎಂದಿದ್ದರು. ಬಂತು ನೋಡಿ. ಅದು ಉಪಯೋಗಕ್ಕೆ ಬಂದ ದಿನ ನೆನೆದರೆ ಈಗಲೂ ಮೊದಲು ಎದೆ ಧಸಕ್ಕೆನ್ನುತ್ತದೆ, ಆಮೇಲೆ ನಗು ಬರುತ್ತದೆ.

ನಾನು ಜಮಖಂಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮದು ಬೀರೇಶ್ವರನಿಗೆ ನಡೆದುಕೊಳ್ಳುವ, ಕುರಿ ಕಾಯುವ ಮನೆತನ. ಉಳಿದವರೆಲ್ಲ ನೌಕರಿ ಹಿಡಿದೆವು. ಹುನ್ನೂರಿನಲ್ಲಿದ್ದ ಅತ್ತಿ, ಅಂದರೆ ಅಪ್ಪನ ತಂಗಿ, ಒಬ್ಬಳೇ ಕುರಿ ಬಿಟ್ಟಿರಲಿಲ್ಲ. ಬಯಲೆಲ್ಲ ಕಬ್ಬಾಗಿ ಮೇಯಿಸಲು ಜಾಗ ಸಾಲದೆ ಕೊನೆಗೆ ಅವಳೂ ಹಿಂಡು ಮಾರಿದಳು. ತನ್ನ ಅವ್ವ ಕೊಟ್ಟ ಕುರಿಯ ಸಂತತಿಯದೊಂದನ್ನು ಮಾತ್ರ ಉಳಿಸಿಕೊಂಡಳು. ಅದು ಎರಡು ಹೆಣ್ಣು ಮರಿ ಈದು ಸತ್ತುಹೋಯಿತು. ಅತ್ತಿ ಅತ್ತಳು, ಕಣ್ಣೊರೆಸಿಕೊಂಡು ಬಾಟಲಿ ಹಾಲು ಕುಡಿಸತೊಡಗಿದಳು. "ಇವೆರಡು ಬದುಕಿದ್ರ ಹಿಂಡು ಬದುಕಿದಂಗ" ಎನ್ನುವಳು.

ಶಿವರಾತ್ರಿ ಕಳೆದ ಮೇಲೆ ಲೋಕಾಪುರದಲ್ಲೊಂದು ಮದುವೆ ಬಂತು. ಅತ್ತಿ ಮರಿಗಳನ್ನು ನಮ್ಮ ಮನೆಗೆ ತಂದು, ಅಂಗಳದಲ್ಲಿ ದೊಡ್ಡ ಬಿದಿರು ಬುಟ್ಟಿ ಕವುಚಿ ಅದರಡಿ ಬಿಟ್ಟಳು. "ರಾತ್ರಿ ಬುಟ್ಟಿ ಮ್ಯಾಲ ಕಂಬಳಿ ಹಾಕ್ರಿ. ಬಿಸಲು ಮೆಟ್ಟಲಕ್ಕ ಬಂತಂದ್ರ ತಗೀರಿ. ಹಾಕೂದು ಮರತರೂ ನಡೀತೈತಿ, ತಗಿಯೂದು ಮರಿಬ್ಯಾಡ್ರಿ." ಇಷ್ಟು ಹೇಳಿ ಬಸ್ಸು ಹತ್ತಿದಳು.

ಮರುದಿನ ಶನಿವಾರ, ಬೆಳಗಿನ ಶಾಲೆ. ಹೊತ್ತಲ್ಲದ ಹೊತ್ತಿನಲ್ಲಿ ಜಿನುಗು ಮಳೆ ಹಿಡಿದಿತ್ತು. ಪಾಠವೂ ಅದೇ ಇತ್ತು: ಭೂಮಿ ಬಿಸಿಯಾಗುವ ಬಗೆ. ನಾನು ಕಂಬಳಿಯನ್ನೇ ಹಿಡಿದುಕೊಂಡೆ. "ಕಂಬಳಿ ಬಿಸಿ ಹುಟ್ಟಸೂದಿಲ್ಲ, ನಿಮ್ಮ ಮೈಬಿಸಿ ಹೋಗದಂಗ ಹಿಡೀತೈತಿ ಅಷ್ಟ. ಭೂಮಿಗೂ ಹಂಗ. ಸೂರ್ಯನ ಬೆಳಕು ನೆಲಾ ಕಾಸತೈತಿ. ನೆಲಾ ಆ ಶಾಖ ಹೊಳ್ಳಿ ಮ್ಯಾಲ ಬಿಡತೈತಿ. ಗಾಳ್ಯಾಗಿನ ನೀರಾವಿ, ಇಂಗಾಲದ ಡೈಆಕ್ಸೈಡ್ ಅದರಾಗ ಒಂದಷ್ಟು ಹೀರಿಕೊಂಡು ಮತ್ತ ಕೆಳಗ ಕಳಸತಾವು. ಈ ಕಂಬಳಿ ಇರಲಿಲ್ಲಂದ್ರ ಭೂಮಿ ಬರ್ಫ ಆಗತಿತ್ತು. ಆದ್ರ ನಾವು ಕಲ್ಲಿದ್ದಲು, ಡೀಸೆಲ್ ಸುಟ್ಟು ಸುಟ್ಟು ಅದನ್ನ ದಪ್ಪ ಮಾಡಾಕತ್ತೇವಿ."

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಹಂಗಾದ್ರ ಇವತ್ತಿನ ಮಳಿಗೂ ಅದ ಕಾರಣೇನ್ರೀ ಟೀಚರ?"

"ಒಂದ ಮರಿ ಕುಂಟಿದ್ರ ಹಿಂಡೆಲ್ಲಾ ಕುಂಟಾಕತ್ತೈತಿ ಅಂತಾರೇನ? ಒಂದ ದಿನದ ಮಳಿ ನೋಡಿ ಹೇಳಾಕ ಬರೂದಿಲ್ಲ. ಭಾಳ ವರ್ಷದ್ದು ನೋಡಬೇಕು" ಎಂದೆ. ಬಿಸಿಯಾದ ಗಾಳಿ ಹೆಚ್ಚು ನೀರಾವಿ ಹಿಡಿಯುತ್ತದೆ, ಹಾಗಾಗಿ ಸುರಿದಾಗ ಜೋರಾಗಿ ಸುರಿಯಬಲ್ಲದು ಎಂಬುದನ್ನೂ ಸೇರಿಸಿದೆ. ಪಾಠ ಛಲೋ ಆಯಿತೆಂಬ ಖುಷಿಯಲ್ಲಿ ಮನೆಗೆ ಹೊರಟೆ. ಅಷ್ಟರಲ್ಲಿ ಮೋಡ ಸರಿದು ಬಿಸಿಲು ಚುರುಗುಟ್ಟುತ್ತಿತ್ತು.

ಅಂಗಳಕ್ಕೆ ಕಾಲಿಟ್ಟವಳೇ ನಿಂತುಬಿಟ್ಟೆ. ಬುಟ್ಟಿಯ ಮೇಲೆ ಗಾದಿ ಕವರು! ಸುತ್ತಲೂ ಅಂಚಿಗೆ ಇಟ್ಟಂಗಿ ಹೇರಿ ಬಿಗಿ ಮಾಡಿದ್ದರು. ಒಳಮೈಗೆಲ್ಲ ಬೆವರಿನ ಹಾಗೆ ಹನಿ ಕಟ್ಟಿತ್ತು. ಮನೆಯವರು ಒಳಗೆ ಫ್ಯಾನಿನ ಕೆಳಗೆ ಪೇಪರು ಓದುತ್ತಿದ್ದರು.

"ರೀ! ಏನ ಮಾಡೀರಿ ಇದು?"

"ಮಳ್ಯಾಗ ಕಂಬಳಿ ತೊಯ್ದಿತ್ತು, ಅದಕ್ಕ ಕವರ ಹಾಕಿದೆ. ಒಂದ ಹನಿ ನೀರ ಒಳಗ ಹೋಗಿಲ್ಲ ನೋಡ!"

"ನೀರ ಹೋಗಿಲ್ಲ, ಗಾಳಿ?"

ಅವರು ಪೇಪರು ಬಿಸಾಡಿ ಹೊರಗೆ ಓಡಿಬಂದರು. ಇಟ್ಟಂಗಿ ಒದ್ದು ಕವರು ಕಿತ್ತು ಬುಟ್ಟಿ ಎತ್ತಿದೆ. ಹಬೆ ಮುಖಕ್ಕೆ ರಾಚಿತು. ಒಂದು ಮರಿ ಬಾಯಿ ತೆರೆದು ಏದುತ್ತಿತ್ತು. ಇನ್ನೊಂದು ಕಾಲು ಚಾಚಿ ಮಲಗಿತ್ತು, ಮುಟ್ಟಿದರೆ ಮೈ ಕಾದ ಹಂಚು. ಅಯ್ಯೋ ಬೀರಪ್ಪಾ, ಅತ್ತಿಗೆ ಯಾವ ಮುಖ ತೋರಿಸಲಿ ಎಂದುಕೊಂಡೆ. ಎರಡನ್ನೂ ಎತ್ತಿಕೊಂಡು ಪಡಸಾಲೆಗೆ ಓಡಿದೆ. ಅವರು ಫ್ಯಾನು ಜೋರು ಮಾಡಿದರು. ನಾನು ಒದ್ದೆ ಬಟ್ಟೆಯಿಂದ ಕಿವಿ, ಹೊಟ್ಟೆ, ತೊಡೆಸಂದಿ ಒರೆಸುತ್ತಾ ಹೋದೆ. ಒಂದು ಮರಿ ಬೇಗ ಎದ್ದು ನಿಂತಿತು. ಇನ್ನೊಂದು ಅಲ್ಲಾಡಲಿಲ್ಲ. "ಏಳಽ ನನ್ನವ್ವಾ, ಏಳ" ಎಂದು ಅವರು ನೆಲದ ಮೇಲೆ ಕೂತು ಬೇಡಿಕೊಳ್ಳುತ್ತಿದ್ದರು. ಬೈಯಬೇಕೆಂದಿದ್ದವಳು ಬೈಯದೆ, ಬೆರಳನ್ನು ನೀರಿಗದ್ದಿ ಮರಿಯ ಬಾಯಿಗಿಟ್ಟೆ.

ಕೊನೆಗೊಮ್ಮೆ ಆ ಬೆರಳು ಜಗ್ಗಿದಂತಾಯಿತು. ಮರಿ ಚೀಪುತ್ತಿತ್ತು! ನೀರು ಗುಟುಕರಿಸಿತು, ತಡವರಿಸುತ್ತಾ ಎದ್ದಿತು, ಎದ್ದದ್ದೇ ನನ್ನ ಸೀರೆಯ ಮೇಲೆ ಉಚ್ಚೆ ಹೊಯ್ದಿತು. ಸೀರೆ ಹಾಳಾದದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಇಬ್ಬರೂ ಗೋಡೆಗೊರಗಿ ಸುಮ್ಮನೆ ನಕ್ಕೆವು.

ಸಂಜೆ ಅತ್ತಿ ಬಂದಾಗ ಮುಚ್ಚಿಡದೆ ಹೇಳಿದೆವು. ಅವಳು ಮೊದಲು ಮರಿಗಳ ಮೂಗು, ಕಿವಿ ಮುಟ್ಟಿ ನೋಡಿದಳು. ಆಮೇಲೆ, "ಅಳಿಯಂದ್ರ, ಮರೀನ ಇಡ್ಲಿ ಮಾಡಾಕ ಹೊಂಟಿದ್ರೇನು?" ಎಂದಳು. ಮನೆಯವರು ತಲೆ ತಗ್ಗಿಸಿ ಚಹಾ ತಂದುಕೊಟ್ಟರು.

ಚಹಾ ಕುಡಿಯುತ್ತಾ ಬೆಳಗಿನ ಪಾಠದ ಮಾತೂ ಬಂತು. ಪ್ಲಾಸ್ಟಿಕ್ಕು ಬಿಸಿಗಾಳಿ ಹೊರಹೋಗದಂತೆ ತಡೆಯುತ್ತದೆ, ಆಕಾಶದಲ್ಲಿ ಅಂಥ ಹಾಳೆಯೇನಿಲ್ಲ, ಅಲ್ಲಿ ಅನಿಲಗಳೇ ಶಾಖ ಹಿಡಿಯುತ್ತವೆ ಎಂದು ಬಿಡಿಸಿ ಹೇಳಿದೆ. ಅತ್ತಿ ಕೇಳಿದಳು: "ಇಲ್ಲೇನೋ ನೀ ಹೊರಗಿಂದ ಬಂದು ತಗದಿ. ಆಕಾಶದ ಕಂಬಳೀನ ಯಾರ ಬಂದು ತಗೀತಾರ?"

"ಹೊರಗ ಯಾರೂ ಇಲ್ಲ ಅತ್ತಿ. ಎಲ್ಲಾರೂ ಬುಟ್ಟಿ ಒಳಗ ಅದೇವಿ. ಹೊದಸೂದು ನಿಂದರಿಸಬೇಕು, ಅಷ್ಟ."

ಅವಳು ಮರಿಯ ಬೆನ್ನು ಸವರುತ್ತಾ ಕೂತಳು.

ಮರುದಿನ ನಾನೇಳುವ ಮೊದಲೇ ಮನೆಯವರು ಅಂಗಳದಲ್ಲಿದ್ದರು. ಒಣಗಿದ ಕಂಬಳಿಯ ತುದಿ ಹಿಡಿದುಕೊಂಡು, ಬಿಸಿಲು ಮೆಟ್ಟಿಲಿಗೆ ಬರುವುದನ್ನೇ ಕಾಯುತ್ತಿದ್ದರು. ಬಿಸಿಲು ತಾಕಿತು, ಕಂಬಳಿ ಸರಿಯಿತು, ಬುಟ್ಟಿ ಮೇಲೆದ್ದಿತು, ಮರಿಗಳು ಹೊರಗೆ ಜಿಗಿದವು. ಅತ್ತಿ ಒಂದೊಂದು ಕಂಕುಳಲ್ಲಿ ಒಂದೊಂದನ್ನು ಅವಚಿಕೊಂಡು ಬಾಗಿಲ ತನಕ ಹೋಗಿ, ತಿರುಗಿ ನಿಂತು ನಕ್ಕಳು.

"ನಡೀತೇನಪಾ ಅಳಿಯಾ. ಹಿಂಡು ಹೊಂಟಿತು."