ಬದನೆ ಬಡಿಸದ ಮೂರು ಎಲೆ

ಎರಡು ಸಲ ಬಸಿರು ಇಳಿದು ಕಂಗೆಟ್ಟಿದ್ದ ಮಗಳು ಶ್ರಾವ್ಯಾ ಮೂರನೆಯ ಬಾರಿ ಬಸುರಿಯಾದಾಗ, ನನಗೆ ಸಂತೋಷಕ್ಕಿಂತ ಮೊದಲು ಹೆದರಿಕೆ ಬಂತು. ಅವಳಿರುವುದು ಐರೋಲಿಯಲ್ಲಿ. ಅವಳ ಫೋನ್ ಬಂದಾಗ ನಾನು ಠಾಕುರ್ಲಿಯ ನಮ್ಮ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಕಾವಲಿಯ ದೋಸೆ ಕರಟಿದ್ದೂ ತಿಳಿಯಲಿಲ್ಲ. ದೇವಿಯ ಫೋಟೋದ ಮುಂದೆ ನಿಂತು, "ತಾಯೇ, ಈ ಸಲ ಮಗುವನ್ನೂ ಮಗಳನ್ನೂ ಉಳಿಸಿಕೊಡು, ಹೂವಿನ ಪೂಜೆ ಮಾಡಿಸುತ್ತೇನೆ" ಎಂದು ಹೇಳಿಕೊಂಡೆ.

ಠಾಣೆ ಶಹರದ ಆಸ್ಪತ್ರೆಯ ಡಾಕ್ಟರಮ್ಮ ಮೊದಲ ದಿನವೇ ನಮ್ಮನ್ನು ಕೇಳಿದ್ದರು: ಮನೆತನದಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟುವ ತೊಂದರೆ ಇತ್ತೇ? ಯಾರಾದರೂ ಚಿಕ್ಕ ಪ್ರಾಯದಲ್ಲಿ ತೀರಿಕೊಂಡಿದ್ದಾರೆಯೇ? ಕೆಲವು ಕುಟುಂಬಗಳಲ್ಲಿ ಆ ಗುಣ ಹುಟ್ಟಿನಿಂದಲೇ ಬರುತ್ತದಂತೆ. ನಾನು ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿ ರಕ್ತದ ತೊಂದರೆಯ ಬಗ್ಗೆ ಕೇಳಿದೆ. ನನ್ನ ಮನೆಯಲ್ಲೇ ಇರುವ ಅಮ್ಮ ಖಡಾಖಂಡಿತವಾಗಿ, "ರಕ್ತದ ಕಾಯಿಲೆ ನಮ್ಮಲ್ಲಿ ಯಾರಿಗೂ ಇಲ್ಲ" ಎಂದರು. ನಾನೂ ಹಾಗೆಯೇ ಹೇಳಿದೆ.

ಮಳೆಗಾಲದ ಆಟಿ ತಿಂಗಳು ಬಂತು. ತೀರಿಹೋದ ಹಿರಿಯರನ್ನು ಹೆಸರು ಹಿಡಿದು ಕರೆದು, ಎಲೆ ಹಾಕಿ ಬಡಿಸುವುದು ನಮ್ಮ ಕಡೆಯ ಪದ್ಧತಿ. ನಮ್ಮಲ್ಲಿ ಕುಟುಂಬ ನಡೆಯುವುದು ತಾಯಿಯ ಕಡೆಯಿಂದ, ಹಾಗಾಗಿ ಎಲೆಗಳೂ ಅಮ್ಮನ ಕಡೆಯವರಿಗೆ. ಶ್ರಾವ್ಯಾಳೂ ಊಟಕ್ಕೆಂದು ಬಂದಿದ್ದಳು. ಕೋಳಿ, ಕಡುಬು, ಬದನೆ ಪಲ್ಯ ಎಲ್ಲ ಆಗಿತ್ತು. ಮನೆಯಲ್ಲಿ ನಾವು ಆಡುವುದು ತುಳು. ಓದುವವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಜ್ಜೀ, ಆ ಮೂರು ಎಲೆಗೆ ಬದನೆ ಕ್ಯೋಂ ನಹೀಂ?" ಶ್ರಾವ್ಯಾ ಕೇಳಿದಳು.

ಚಿಕ್ಕಂದಿನಿಂದ ನೋಡುತ್ತಿದ್ದರೂ ಬದನೆ ಯಾಕಿಲ್ಲ ಎಂದು ನಾನು ಎಂದೂ ಕೇಳಿರಲಿಲ್ಲ.

"ಅದು ನನ್ನ ಅಕ್ಕ, ನನ್ನ ಚಿಕ್ಕಮ್ಮ, ನನ್ನ ಅಜ್ಜಿಯ ತಂಗಿ. ಮೂವರೂ ಬಾಣಂತಿ ನಂಜಿನಲ್ಲಿ ಹೋದವರು ಮಗಾ. ನಂಜಿಗೆ ಬದನೆ ಆಗದು."

"ಸತ್ತ ಮೇಲೂ ಪಥ್ಯವಾ?"

"ಪಥ್ಯ ಅಂದರೆ ಪಥ್ಯ. ನೀನು ಬಾಯಿ ಮುಚ್ಚಿ ಹೊರಗೆ ನಡಿ ಮಾರಾಯ್ತಿ."

ಬಡಿಸಿ ಮುಗಿದ ಮೇಲೆ ಬಾಗಿಲೆಳೆದು ಎಲ್ಲರೂ ಹೊರಗೆ ನಿಲ್ಲಬೇಕು. ಬಂದವರು ಸಮಾಧಾನದಿಂದ ಉಣ್ಣಬೇಕಲ್ಲ. ಮೆಟ್ಟಿಲ ಬಳಿ ಮೂವರು ನಿಂತದ್ದನ್ನು ನೋಡಿ ಎದುರು ಮನೆಯವರು, "ವಹಿನೀ, ಚಾವಿ ವಿಸರಲಾತ ಕಾ?" ಎಂದು ಕೇಳಿದರು. ಕೀಲಿಕೈ ಮರೆತಿಲ್ಲ, ಪೂಜೆ ಇದೆ ಎಂದೆ.

ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್ ನಮ್ಮಿಂದ ಬೂಟುಗಳನ್ನು ಸಾಲಾಗಿ ಇಡಿಸುತ್ತಿದ್ದರು. ಕೈ ಖಾಲಿಯಿದ್ದರೆ ಇಂದಿಗೂ ಬಾಗಿಲ ಬಳಿಯ ಚಪ್ಪಲಿಗಳನ್ನು ಜೋಡಿಸುತ್ತೇನೆ. ಶ್ರಾವ್ಯಾಳ ಜೋಡಿಯನ್ನು ಸರಿಪಡಿಸುವಾಗ ಕಣ್ಣಿಗೆ ಬಿತ್ತು: ಬಲ ಚಪ್ಪಲಿಯ ಪಟ್ಟಿ ನಡುವಿನ ತೂತಿನಲ್ಲಿ, ಎಡದ್ದು ತೀರಾ ಸಡಿಲವಾದ ಕೊನೆಯ ತೂತಿನಲ್ಲಿ.

ನನ್ನ ಬೆನ್ನ ಹಿಂದೆ ಅಮ್ಮ ಆ ಮೂವರ ಮಾತನ್ನೇ ಮೆಲ್ಲಗೆ ಮುಂದುವರಿಸಿದ್ದರು. "ಅಕ್ಕನಿಗೆ ಒಂದೇ ಕಾಲು ಊದಿದ್ದು, ಬಾಳೆದಿಂಡಿನ ಹಾಗೆ. ಕಷಾಯ ಕೊಟ್ಟೆವು. ಒಂದು ಬೆಳಿಗ್ಗೆ ಎದ್ದು ಕೂತು ನೀರು ಕೇಳಿದಳು. ಎದೆ ಹಿಡಿದುಕೊಂಡಳು. ಅಷ್ಟೇ."

"ಉಳಿದಿಬ್ಬರಿಗೆ?" ನಾನು ತಿರುಗಿ ಕೇಳಿದೆ.

"ಅವರಿಗೂ ಹಾಗೇ ಅಂತೆ."

ನಾನು ಬಗ್ಗಿ ಶ್ರಾವ್ಯಾಳ ಸಲ್ವಾರ್ ಎತ್ತಿದೆ. ಎಡ ಮೀನಖಂಡ ಬಿಗಿದು ಬೆಚ್ಚಗಿತ್ತು. "ಪ್ರೆಗ್ನೆನ್ಸಿಯಲ್ಲಿ ಸಬ್ ಕಾ ಹೋತಾ ಹೈ ಮಮ್ಮಿ, ಟೆನ್ಷನ್ ಮತ್ ಲೋ" ಎಂದು, ಎಲ್ಲರಿಗೂ ಆಗುವುದೇ ಎಂಬಂತೆ ನಕ್ಕಳು. ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: "ಕಾಕೂ, ದೋನೋಂ ಪೈರ್ ಯಾ ಏಕ್?"

ಎರಡೂ ಕಾಲಲ್ಲ, ಒಂದೇ ಎಂದೆ.

"ನಡೆಸಬೇಡಿ. ಈಗಲೇ ಕರೆತನ್ನಿ."

ಅಮ್ಮನನ್ನು ಹಿರಿಯರೊಡನೆ ಬಿಟ್ಟು ಹೊರಟೆವು. ಶೀಳ್ ರಸ್ತೆಯಲ್ಲಿ ಟೆಂಪೋಗಳ ನಡುವೆ ಟ್ಯಾಕ್ಸಿ ಅಲುಗಾಡದೆ ನಿಂತುಬಿಟ್ಟಿತು. ಮಗಳ ಕಾಲು ನನ್ನ ಮಡಿಲಲ್ಲಿತ್ತು. ಅವಳು ಒಮ್ಮೆ ಕೆಮ್ಮಿದರೂ ಬಗ್ಗಿ ಮುಖ ನೋಡುತ್ತಿದ್ದೆ. ದೇವಿಯ ನಾಮ ಹೇಳಹೊರಟರೆ ಒಂದೂ ನೆನಪಾಗಲಿಲ್ಲ. ಬರೀ "ಅಮ್ಮಾ, ಅಮ್ಮಾ" ಎನ್ನುತ್ತಿದ್ದೆ.

ಸೋನೋಗ್ರಫಿಯಲ್ಲಿ ತೊಡೆಯ ರಕ್ತನಾಳದೊಳಗೆ ಹೆಪ್ಪುಗಟ್ಟಿದ ರಕ್ತ ಕಂಡಿತು. ಅಮ್ಮನ ಅಕ್ಕ ತೀರಿಕೊಂಡ ಕಥೆಯನ್ನೂ ನಾನು ಹೇಳಿದೆ. ಅದು ಕಿತ್ತು ಶ್ವಾಸಕೋಶಕ್ಕೆ ಹೋಗಿದ್ದರೆ ನಿಮ್ಮ ದೊಡ್ಡಮ್ಮನಿಗೆ ಆದದ್ದೇ ಆಗುತ್ತಿತ್ತು, ಬಹುಶಃ ಅವರಿಗೆ ಆದದ್ದೂ ನಂಜಾಗಿರಲಿಕ್ಕಿಲ್ಲ, ಇದೇ ಇರಬೇಕು ಎಂದರು ಡಾಕ್ಟರಮ್ಮ. ಅಂದಿನಿಂದಲೇ ಇಂಜೆಕ್ಷನ್ ಶುರುವಾಯಿತು. ರಕ್ತದ ಜೆನೆಟಿಕ್ ಟೆಸ್ಟಿಗೂ ಕಳುಹಿಸಿದರು. ರಕ್ತ ಬೇಗ ಹೆಪ್ಪುಗಟ್ಟುವ ಗುಣ ಅವಳಿಗೆ ಹುಟ್ಟಿನಿಂದಲೇ ಬಂದಿತ್ತು. ಆಮೇಲೆ ನನ್ನ ರಕ್ತವನ್ನೂ ಪರೀಕ್ಷಿಸಿದರು. ನನ್ನಲ್ಲೂ ಅದೇ ಇತ್ತು. ಅಮ್ಮ ಮಾತ್ರ, "ಈ ಪ್ರಾಯದಲ್ಲಿ ನನಗೆಂತ ಟೆಸ್ಟು? ನಾನು ಪಾಸಾಗಿ ಎಷ್ಟು ಕಾಲವಾಯಿತು!" ಎಂದು ಕೈ ಮುಂದೆ ಚಾಚಲೇ ಇಲ್ಲ.

ನನ್ನ ರಿಪೋರ್ಟ್ ಹಿಡಿದು ಠಾಣೆಯ ರೈಲ್ವೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತೆ. ಒಂದರ ಹಿಂದೆ ಒಂದು ಲೋಕಲ್ ಹೋದರೂ ಏಳಲಾಗಲಿಲ್ಲ. ಶ್ರಾವ್ಯಾಳನ್ನು ಹೆತ್ತಾಗ ನಾನು ಕಲ್ಯಾಣದ ಆಸ್ಪತ್ರೆಯಿಂದ ಅವಳನ್ನು ಎತ್ತಿಕೊಂಡು ನಗುತ್ತಾ ರಿಕ್ಷಾ ಹತ್ತಿದ್ದೆ. ಅಂದೂ ಇದೇ ರಕ್ತ ನನ್ನಲ್ಲಿ ಹರಿಯುತ್ತಿತ್ತು. ಆಗ ನಾನು ಯಾವ ಹರಕೆಯನ್ನೂ ಹೇಳಿರಲಿಲ್ಲ; ಬೇಡಲು ಅಪಾಯದ ಹೆಸರೇ ಗೊತ್ತಿರಲಿಲ್ಲ. ಗೊತ್ತಿದ್ದವಳು ಆ ದೇವಿಯೊಬ್ಬಳೇ.

ಮಗು ಹುಟ್ಟಿತು. ಹೆಣ್ಣು. ಹೆರಿಗೆಯ ನಂತರವೂ ಡಾಕ್ಟರಮ್ಮ ಹೇಳಿದಷ್ಟು ಕಾಲ ಇಂಜೆಕ್ಷನ್ ನಡೆಯಿತು. ಊರಿಗೆ ಹೋಗಿ ಹೂವಿನ ಪೂಜೆ ಮಾಡಿಸಿ ಬಂದೆವು. ಭಕ್ತ ಬಂಧುಗಳೇ, ತಾಯಿ ಕನಸಿನಲ್ಲಿ ಬಂದು ಹೇಳಲಿಲ್ಲ. ಮಗಳ ಬಾಯಿಂದ ಒಂದು ಪ್ರಶ್ನೆ ಕೇಳಿಸಿದಳು, ನನ್ನ ಕೈಯನ್ನು ಚಪ್ಪಲಿಯ ಮೇಲೆ ಇರಿಸಿದಳು. ಅಷ್ಟು ಸಣ್ಣದರಲ್ಲಿ ಅಷ್ಟು ದೊಡ್ಡ ಕೃಪೆ.

ಈ ವರ್ಷದ ಆಟಿಯಲ್ಲಿ ಮೊಮ್ಮಗಳು ಶ್ರಾವ್ಯಾಳ ತೊಡೆಯಲ್ಲಿದ್ದಳು. ಅಮ್ಮ ಬದನೆ ಪಲ್ಯದ ಪಾತ್ರೆಯೊಡನೆ ಆ ಮೂರು ಎಲೆಗಳ ಮುಂದೆ ಬಂದು ಬಗ್ಗಿದರು. ಮೂರಕ್ಕೂ ಎರಡೆರಡು ಸೌಟು ಬಡಿಸಿ ಹೇಳಿದರು:

"ತಿನ್ನು ಅಕ್ಕಾ. ನಿನಗೆ ಆದದ್ದು ನಂಜಲ್ಲವಂತೆ."